ಮೊಳೆ ಹೊಡೆಯಬಾರದ ಮನೆ

ಬಾಡಿಗೆ ಮನೆ ನೋಡಲು ಹೋದರೆ, ಬಾಗಿಲು ತೆಗೆದ ಮನೆಯೊಡತಿ "ಮೊದ್ಲು ಊಟ ಮಾಡು ಮಾರಾಯ್ತಿ, ಮನೆ ಎಲ್ಲೂ ಓಡೋಗಲ್ಲ" ಎಂದು ಗದರಿದರು. ನಾನು ತಬ್ಬಿಬ್ಬಾದೆ. ನಮ್ಮ ವಿಜಯಪುರದಲ್ಲೂ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ, ನಿಜ. ಆದರೆ ಮೊದಲು ಯಾರ ಪೈಕಿ ಎಂದು ಕೇಳುತ್ತೇವೆ. ಇವರು ನನ್ನ ಹೆಸರನ್ನೂ ಕೇಳಿರಲಿಲ್ಲ. ಮಾರಾಯ್ತಿ ಎಂದರೆ ಇಲ್ಲಿ ಅಕ್ಕರೆಯೂ ಹೌದು, ಬೈಗುಳವೂ ಹೌದು.

ಶಿವಮೊಗ್ಗದ ರವೀಂದ್ರನಗರದ ಆ ಮಹಡಿ ಮನೆಗೆ ಫಾತಿಮಾ ಆಂಟಿ ಹಾಕಿದ ಷರತ್ತು ಒಂದೇ: ಗೋಡೆಗೆ ಮೊಳೆ ಹೊಡೆಯಕೂಡದು. ಅಲ್ಲಿಂದ ದಿನಾ ಮಲವಗೊಪ್ಪ ದಾಟಿ ಭದ್ರಾವತಿಯ ಎರಕದ ಕಾರ್ಖಾನೆಗೆ ನನ್ನ ಬಸ್ ಓಡಾಟ. ಅಲ್ಲಿನ ಕ್ಯಾಂಟೀನಿನಲ್ಲಿ ಅರ್ಧ ಮಾತು ತಮಿಳು. ಕಂಪನಿ ನಿಯಮ ಮೀರದಂತೆ, ಲಂಚ-ವಶೀಲಿ ನುಸುಳದಂತೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗ ನನ್ನದು. ಅದರ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರಷ್ಟೇ ಕೆಲಸ ಕಾಯಂ. ಓದುತ್ತ ಕೂತರೆ ಆಂಟಿ ಕೆಳಗಿನಿಂದ ಬಿಸಿ ಅಕ್ಕಿ ರೊಟ್ಟಿ ತಂದಿಡುತ್ತಿದ್ದರು. ಜೋಳದ ರೊಟ್ಟಿಯಿಲ್ಲದೆ ಬದುಕೇ ಇಲ್ಲವೆಂದುಕೊಂಡಿದ್ದ ನಾನು ಅದಕ್ಕೆ ಕಾಯತೊಡಗಿದೆ.

ಹೀಗಿರುವಾಗ ಕಾರ್ಖಾನೆಯ ಲಾರಿ ಗುತ್ತಿಗೆಗೆ ಬಂದ ಕೊಟೇಶನ್‌ಗಳಲ್ಲಿ ಆಂಟಿಯ ಗಂಡ ಬಶೀರ್ ಸಾಹೇಬರದೂ ಇತ್ತು. ಪರಿಶೀಲಿಸಬೇಕಾದವಳು ನಾನು! ಪಾಠ ಸ್ಪಷ್ಟವಾಗಿತ್ತು: ಸಂಬಂಧವಿದ್ದರೆ ಬಾಯಿಬಿಟ್ಟು ಹೇಳು, ದೂರ ಸರಿ. ಹೇಳಿದರೆ ಈ ಊರಲ್ಲಿ ನನ್ನದೆನ್ನಲು ಇದ್ದ ಒಂದೇ ಮನೆ ಕೈತಪ್ಪೀತೆಂಬ ಭಯ. ಕೊನೆಗೆ ಆ ಫೈಲು ಹಿಡಿದು ಮ್ಯಾನೇಜರರ ಮುಂದೆ ನಿಂತೆ.

"ಸರ್, ಇವರ ಮನ್ಯಾಗ ಬಾಡಿಗಿ ಇದ್ದೀನ್ರಿ. ಇವರ ರೊಟ್ಟಿ ತಿಂತೀನಿ."

ಫೈಲು ಬೇರೆಯವರ ಕೈಗೆ ಹೋಯಿತು, ಗುತ್ತಿಗೆ ಇನ್ಯಾರಿಗೋ ಸಿಕ್ಕಿತು. ನಡೆದದ್ದನ್ನೆಲ್ಲ ಆಂಟಿಗೆ ನಾನೇ ಹೇಳಿದೆ.

"ನನ್ ರೊಟ್ಟಿನೂ ಲಂಚ ಆಗೋಯ್ತಾ?" ಎಂದವರು ಒಳಗೆ ಹೋದರು. ಆಮೇಲೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಸಪ್ಪಳವೇ ಇಲ್ಲ. ಒಬ್ಬಳೇ ಅನ್ನ ಕಲಸಿಕೊಂಡು ಅತ್ತುಬಿಟ್ಟೆ.

ಪರೀಕ್ಷೆ ಪಾಸಾಯಿತು. ಗಾಂಧಿ ಬಜಾರಿನಲ್ಲಿ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ತಂದು ಗೋಡೆಗೆ ಒರಗಿಸಿಟ್ಟೆ. ಊರಲ್ಲಿ ಅವ್ವ ಅದಕ್ಕೆಂದು ಪಡಸಾಲೆಯಲ್ಲಿ ಜಾಗ ನೋಡಿಟ್ಟಿದ್ದಳು. ಅಷ್ಟರಲ್ಲಿ ಬಾಗಿಲು ಬಡಿಯಿತು. ತೆಗೆದರೆ ಬಶೀರ್ ಸಾಹೇಬರು, ಕೈಯಲ್ಲಿ ಸುತ್ತಿಗೆ! ಹಿಂದೆ ತಟ್ಟೆ ಹಿಡಿದ ಆಂಟಿ.

"ಚೌಕಟ್ಟು ತರೋದು ನೋಡ್ದೆ. ಮೊಳೆ ಎಲ್ಲಿ ಹೊಡೀಲಿ ಹೇಳಮ್ಮ," ಎಂದರು ಸಾಹೇಬರು. "ನೀನು ಸುಮ್ನಿದ್ದು ನಂಗೆ ಗುತ್ತಿಗೆ ಸಿಕ್ಕಿದ್ರೆ ಬಜಾರಲ್ಲಿ ತಲೆ ಎತ್ತೋ ಹಂಗಿರ್ಲಿಲ್ಲ. ಲಾರಿಗೆ ಬೇರೆ ಬಾಡಿಗೆ ಸಿಗುತ್ತೆ ಬಿಡು."

"ರೊಟ್ಟಿ ಆರೋಗುತ್ತೆ, ತಿನ್ನು," ಎಂದರು ಆಂಟಿ. "ಇದನ್ನೂ ಆಫೀಸಲ್ಲಿ ಹೇಳ್ಕೋ ಮಾರಾಯ್ತಿ."

ಈ ಇಬ್ಬರ ಉಪಕಾರ ನಾನು ಬದುಕಿರುವತನಕ ಮರೆಯಲಾರೆ. ಅವ್ವನಿಗೆ ಕಲರ್ ಜೆರಾಕ್ಸ್‌ಗೆ ಚೌಕಟ್ಟು ಹಾಕಿಸಿ ಕಳಿಸಿದ್ದೇನೆ. ಅವಳು ಅದನ್ನು ಬಂದವರಿಗೆಲ್ಲ ತೋರಿಸುತ್ತಾಳಂತೆ. ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕೆಂದು ಕಲಿತ ನಾನು, ಅಸಲು ಇಲ್ಲಿನ ಗೋಡೆಯ ಮೇಲಿದೆ ಎಂಬುದನ್ನು ಮಾತ್ರ ಅವಳಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿರಿ.