ಬಿಟ್ಟ ಉಸಿರಿನ ಹೊಣೆ ಯಾರದು?

ಕಳೆದ ಮಾರ್ಚ್ ಹದಿನಾಲ್ಕರಂದು, ಭಾರ ಎತ್ತುವ ಸ್ಪರ್ಧೆಯ ಆಯ್ಕೆ ಸುತ್ತಿನಲ್ಲಿ ಸೋತ ಹೆಂಗಸೊಬ್ಬಳನ್ನು ಕ್ರೀಡಾ ಸಂಘದವರು ತಂಡದಿಂದ ಕೈಬಿಟ್ಟರು. ಸೋತವರನ್ನು ಬಿಡುವುದು ತಪ್ಪಲ್ಲ. ಕಾರಣ ‘ಮನೋನಿಗ್ರಹದ ಕೊರತೆ’ ಎಂದು ಬರೆದು ಸೂಚನಾ ಫಲಕಕ್ಕೆ ಅಂಟಿಸಿದ್ದು ತಪ್ಪು.

ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ನೌಕರಳು. ಒದ್ದೆ ಹೊದಿಕೆಗಳ ಗಂಟನ್ನು ಯಂತ್ರದಿಂದ ಎಳೆದೆಳೆದು ಗಟ್ಟಿಯಾದ ಬೆನ್ನು. ಜೊತೆಯವರು ಇಟ್ಟ ಹೆಸರು ಕ್ರೇನಮ್ಮ. ಎದೆ ತುಂಬ ಉಸಿರೆಳೆದು, ಹೊಟ್ಟೆ ಬಿಗಿಹಿಡಿದು, ಬಾರ್ ತಲೆಯ ಮೇಲೆ ನಿಂತ ಬಳಿಕವೇ ಉಸಿರು ಬಿಡುವುದು ಆಕೆಯ ರೂಢಿ. ಹಾಗೆ ಎತ್ತಿಯೇ ಪದಕಗಳನ್ನು ತಂದಿದ್ದಳು.

ಜನವರಿಯಲ್ಲಿ ಸಂಘ ಉಸಿರಾಟದ ಗುರುವೊಬ್ಬರನ್ನು ಕರೆತಂದಿತು. ಬಂದೂಕು ಸ್ಪರ್ಧೆಯ ಗುರಿಕಾರರಿಗೆ ನಿಧಾನವಾಗಿ ಉಸಿರು ಬಿಡಲು ಕಲಿಸಿ ಅವರ ಕೈನಡುಕ ನಿಲ್ಲಿಸಿದವರು. ಅಷ್ಟರಮಟ್ಟಿಗೆ ಅವರ ವಿದ್ಯೆ ಸಾಚಾ. ಅದೇ ಕಷಾಯವನ್ನು ಭಾರ ಎತ್ತುವವರ ಬಾಯಿಗೂ ಸುರಿದರು. ಅವರು ಸ್ವತಃ ಮೈಕಿಗಿಂತ ಭಾರವಾದದ್ದನ್ನು ಎತ್ತಿದ್ದನ್ನು ಕಂಡವರಿಲ್ಲ.

“ಎತ್ತುವಾಗ್ಲೇ ಉಸಿರು ಬಿಡಮ್ಮಾ, ಮೂಗಿಂದ, ಮೆಲ್ಲಗೆ. ಭಾರಾನೂ ಅದರ ಜೊತೆ ಹೋಗುತ್ತೆ.”

“ಎಲ್ಲಿಗೆ ಹೋಗುತ್ತೆ ಗುರುಗಳೇ, ನನ್ನ ಕಾಲ ಮೇಲಾ?”

ಎಲ್ಲರೂ ನಕ್ಕರು. ಸಂಘದ ಕಾರ್ಯದರ್ಶಿ ನಗಲಿಲ್ಲ. “ಹೇಳಿದಷ್ಟು ಮಾಡು. ಇಲ್ಲಾಂದ್ರೆ ಆಯ್ಕೆಗೆ ಬರಲೇಬೇಡ.”

ಮನೆಯಲ್ಲಿ ಅತ್ತೆ ಕೇಳಿದರು: “ಉಸಿರು ಬಿಡೋದು ಹೇಳಿಕೊಡೋಕೂ ಒಬ್ಬ ಬೇಕಾ? ನಿನ್ನ ಗಂಡನಿಗೂ ಹೇಳಿಕೊಡಲಿ, ಗೊರಕೆಯಾದ್ರೂ ನಿಲ್ಲುತ್ತೆ.”

“ಸುಮ್ನಿರಿ ಅತ್ತೆ. ನನಗೀಗ ಮೂವತ್ತೆಂಟು. ಈ ಸಲ ತಂಡಕ್ಕೆ ಸೇರದಿದ್ರೆ ಮತ್ತೆ ಕರೆಯೋರು ಯಾರು?”

ಆ ಹೆದರಿಕೆಗೇ ಆಕೆ ತಲೆಬಾಗಿದಳು. ಆಯ್ಕೆಯ ದಿನ ಗುರುಗಳು ಎದುರಿಗೇ ಕುಳಿತು, ಮಗುವನ್ನು ಮಲಗಿಸುವವರಂತೆ ಅಂಗೈಯನ್ನು ಕೆಳಗಿಳಿಸುತ್ತಿದ್ದರು. ಬಾರ್ ಮೊಣಕಾಲು ದಾಟಿತು. ಆಕೆ ಉಸಿರು ಬಿಟ್ಟಳು. ಅದರೊಡನೆ ನಡುವಿನ ಬಿಗಿಯೂ ಸಡಿಲಿತು. ಬಾರ್ ಧಡಾರನೆ ನೆಲಕ್ಕೆ ಬಿತ್ತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಬಗ್ಗಲು ನಡು ಒಪ್ಪಲಿಲ್ಲ.

ಗುರುಗಳು ಬಂದು ಭುಜ ತಟ್ಟಿದರು. “ನೀನು ಉಸಿರನ್ನ ನಂಬಲಿಲ್ಲಮ್ಮ.”

“ನಿಮ್ಮನ್ನ ನಂಬಿದೆ ಗುರುಗಳೇ. ಅದಕ್ಕೇ ಬಿತ್ತು.”

ಸಂಘದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಫಲಕದ ಮೇಲಿನ ಆ ಹಾಳೆಯನ್ನು ಕಿತ್ತುಹಾಕಿ. ಕಾರಣ ಬರೆಯಲೇಬೇಕಿದ್ದರೆ, ‘ನಮ್ಮ ಮಾತು ಕೇಳಿ ಸೋತಳು’ ಎಂದು ಬರೆದು ಸಹಿ ಹಾಕಿ. ನಡು ವಾಸಿಯಾದ ಮೇಲೆ ಆಕೆಗೆ ಮರು ಆಯ್ಕೆ ನಡೆಸಿ. ಅಂದು ನಿಮ್ಮ ಗುರುಗಳು ಬಾಗಿಲ ಹೊರಗೆ ನಿಂತು, ಎಷ್ಟು ಬೇಕೋ ಅಷ್ಟು ಉಸಿರು ಬಿಟ್ಟುಕೊಳ್ಳಲಿ.