ನನ್ನ ಜವಾಬ್ದಾರಿ ಹೊರಲು ಬಂದ ಮೇಸ್ತ್ರಿ

ಗೆಳೆಯರೇ, ಇದನ್ನು ಬರೆಯುತ್ತಿರುವುದು ಚಿಕ್ಕಮಗಳೂರಿನ ಮಾನಸಿಕ ಆಸ್ಪತ್ರೆಯೊಂದರ ಮಂಚದ ಮೇಲಿಂದ. ಎರಡು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಸುಮ್ಮಸುಮ್ಮನೆ ಅಳು. ನಾನೇ ಹೋಗಿ ಅಡ್ಮಿಟ್ ಆಗೋಣವೆಂದು ಬೆಳಿಗ್ಗೆ ಬಾಳೂರಿನಿಂದ ಹೊರಟೆ. ಜೊತೆಗೆ ನಮ್ಮ ಎಸ್ಟೇಟಿನ ಮೇಸ್ತ್ರಿ ಸುಬ್ಬಣ್ಣನನ್ನೂ ಕರೆತಂದೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿರುವ ನಾನು, ಮೇಸ್ತ್ರಿ ಜವಾಬ್ದಾರಿ ಹೊರದೆ ಒಬ್ಬ ಆಳನ್ನೂ ಕೆಲಸಕ್ಕೆ ಸೇರಿಸಿಕೊಂಡವನಲ್ಲ.

"ಇವ್ರು ನನ್ನ ಜವಾಬ್ದಾರಿ ತಗೊಳ್ತಾರೆ ಮೇಡಂ, ಇವ್ರ ಸೈನ್ ಹಾಕಿಸ್ಕೊಳ್ಳಿ," ಎಂದೆ.

ಡಾಕ್ಟರು ಅರ್ಜಿಯನ್ನು ನನ್ನ ಕಡೆಗೇ ಸರಿಸಿದರು. "ನೀವಾಗೇ ಬಂದಿದ್ದೀರಿ, ನಿಮ್ಮ ಸೈನ್ ಸಾಕು. ಕಾನೂನೇ ಹಾಗಿದೆ."

"ವಾಪಸ್ ಹೋಗೋದಕ್ಕೆ?"

"ಅದಕ್ಕೂ ನೀವೇ ಕೇಳಿದ್ರೆ ಸಾಕು. ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಒಂದು ದಿನ ನಿಲ್ಲಿಸ್ಕೊಂಡು ನೋಡ್ತೀವಿ."

ಸುಬ್ಬಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. "ಅಲ್ಲ ರೈಟ್ರೇ, ಹೋದ ವರ್ಷ ನಂಗೆ ಜ್ವರ ಬಂದಾಗ ಎರಡು ದಿನದ ರಜೆಗೆ ಜ್ವರ ನಿಜ ಅಂತ ಮೂರು ಜನರ ಹತ್ರ ಹೇಳಿಸಿದ್ರಲ್ಲ ನೀವು."

ತಲೆ ತಗ್ಗಿಸಿ ಸೈನ್ ಹಾಕಿದೆ. ಪುಣ್ಯಕ್ಕೆ ಆ ಮೇಜಿನ ಹಿಂದೆ ನನ್ನಂಥ ರೈಟರ್ ಕೂತಿರಲಿಲ್ಲ. ಕೂತಿದ್ದರೆ ನಾನಿನ್ನೂ ಗೇಟಿನ ಹೊರಗೇ ಇರುತ್ತಿದ್ದೆ.