ರಕ್ತಸಂಬಂಧ: ಇಲ್ಲ

ಅಕ್ಕನ ಮಗ ಎರಡು ವರ್ಷವಾದರೂ ಎದ್ದು ನಿಲ್ಲಲಿಲ್ಲ. ಆಗ ನಾನು ಐರೋಲಿಯ ಒಂದು ಕಂಪನಿಯಲ್ಲಿ ರೋಗಿಗಳ ಜೀನುಗಳನ್ನು ಕಂಪ್ಯೂಟರಿನಲ್ಲಿ ಜಾಲಾಡುವ ಕೆಲಸದಲ್ಲಿದ್ದೆ. ಎಲ್ಲರ ಜೀನುಗಳಲ್ಲೂ ಸಾವಿರಾರು ಸಣ್ಣ ವ್ಯತ್ಯಾಸಗಳಿರುತ್ತವೆ. ರೋಗ ತಂದದ್ದು ಯಾವುದು ಎಂದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬೇಕು. ಅಕ್ಕನಿದ್ದ ಡೊಂಬಿವಲಿಯ ಬಿಲ್ಡಿಂಗಿನವರು ನನ್ನನ್ನು ಡಾಕ್ಟರೆಂದೇ ತಿಳಿದಿದ್ದರು, ನಾನೂ ತಿದ್ದಿರಲಿಲ್ಲ.

ಅಕ್ಕ ಮತ್ತೆ ಬಸುರಿಯಾಗಿದ್ದಳು. "ಹೊಟ್ಟೆಯಲ್ಲಿರುವುದಕ್ಕೂ ಇದು ಬರ್ತದಾ? ಅಷ್ಟು ಹೇಳು, ಸಾಕು," ಎಂದಳು.

ದೊಡ್ಡ ಮಗುವಿನ ರಕ್ತ ಪರೀಕ್ಷೆಗೆ ನಮ್ಮ ಕಂಪನಿಗೇ ಬಂತು. ಫಾರ್ಮ್ ತುಂಬಿದವಳು ನಾನೇ. 'ತಂದೆ ತಾಯಿ ರಕ್ತಸಂಬಂಧಿಗಳೇ?' ಎಂಬಲ್ಲಿ ಯೋಚಿಸದೆ 'ಇಲ್ಲ' ಎಂದು ಬರೆದೆ.

ಭಾವ ನಮ್ಮ ಸೋದರಮಾವನ ಮಗ. ಆದರೆ ನಮ್ಮ ತುಳು ಮನೆಗಳಲ್ಲಿ ಕುಲ, ಅಂದರೆ ಬರಿ, ತಾಯಿಯಿಂದ ಬರುತ್ತದೆ. ಭಾವನದು ಅವರ ಅಮ್ಮನ ಬರಿ. ಬರಿ ಬೇರೆಯಾದರೆ ಸಂಬಂಧವಿಲ್ಲ, ಹೆಣ್ಣು ಕೊಡಬಹುದು ಎಂದು ಕೇಳುತ್ತಲೇ ಬೆಳೆದವಳು ನಾನು. ಓದಿದ ಬುದ್ಧಿ ಆ ಹೊತ್ತಿಗೆ ಎಲ್ಲಿ ಹಾಳಾಗಿ ಹೋಗಿತ್ತೋ! ಪ್ರೋಗ್ರಾಂ ನನ್ನ 'ಇಲ್ಲ'ವನ್ನು ನಂಬಿ, ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ದೋಷ ಬಂದಿರಬಹುದಾದ ಜಾಗಗಳನ್ನು ಪಟ್ಟಿಯ ತಳಕ್ಕೆ ತಳ್ಳಿತು. ಎರಡು ತಿಂಗಳು ಕೆಲಸಕ್ಕೆ ಬಾರದ ಸಾಲುಗಳನ್ನು ನೋಡಿದೆ.

ಒಂದು ಭಾನುವಾರ ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಾ ನಕ್ಕರು. "ಇವನದ್ದು ನನ್ನ ಅಪ್ಪನ ಮೂಗು. ಬರದೆ ಎಲ್ಲಿಗೆ ಹೋಗ್ತದೆ, ಎರಡೂ ಕಡೆಯಿಂದ ಬರ್ಲಿಕ್ಕೆ ಉಂಟಲ್ಲ!"

ಅಮ್ಮನ ಅಪ್ಪ ಭಾವನಿಗೂ ಅಜ್ಜ, ನಾನು ಫಾರ್ಮಿನಲ್ಲಿ ಬರೆದದ್ದು 'ಇಲ್ಲ'.

ಮರುದಿನ 'ಇಲ್ಲ' ತೆಗೆದು 'ಹೌದು' ಎಂದು ಬರೆದೆ. ಒಂದೇ ಸಾಲು ಮೇಲೆ ಬಂತು: ಜೀನಿನಲ್ಲಿ ಒಂದು ಅಕ್ಷರದ ಬದಲಾವಣೆ, ಅಪ್ಪನಿಂದಲೂ ಅಮ್ಮನಿಂದಲೂ ಬಂದದ್ದು. ಅದರ ಎದುರಿಗೆ 'ಅರ್ಥ ಅನಿಶ್ಚಿತ' ಎಂದಿತ್ತು. ಕಂಪ್ಯೂಟರು ಹೋಲಿಸಿ ನೋಡುವ ಲಕ್ಷಾಂತರ ಜನರಲ್ಲಿ ನಮ್ಮ ಕಡೆಯವರು ಇಲ್ಲವೆನ್ನುವಷ್ಟು ಕಡಿಮೆ, ಈ ಬದಲಾವಣೆಯನ್ನು ಹಿಂದೆ ಯಾರೂ ಕಂಡಿರಲಿಲ್ಲ. ಅನಿಶ್ಚಿತವಾದದ್ದನ್ನು ನಂಬಿ ಹೊಟ್ಟೆಯ ಮಗುವನ್ನು ಪರೀಕ್ಷಿಸಲು ಡಾಕ್ಟರು ಒಪ್ಪಲಿಲ್ಲ.

"ನಿನ್ನ ಕಂಪ್ಯೂಟರ್ ಎಂತ ಹೇಳ್ತದೆ?" ಅಕ್ಕ ಕೇಳಿದಳು.

"ಗೊತ್ತಿಲ್ಲ ಅಂತ ಹೇಳ್ತದೆ."

"ಅಷ್ಟು ಹೇಳ್ಲಿಕ್ಕೆ ಅದು ಯಾಕೆ ಮಾರಾಯ್ತಿ? ನಾನೇ ಹೇಳ್ತಿದ್ದೆ."

ನಗಲು ನೋಡಿದಳು, ಆಗಲಿಲ್ಲ. ನನಗೆ ಆ ಮೆಷಿನ್ನನ್ನು ಎತ್ತಿ ಐರೋಲಿಯ ಖಾಡಿಯ ಕೆಸರು ನೀರಿಗೆ ಎಸೆಯಬೇಕೆನಿಸಿತು. ಎಸೆದರೂ ಏನಾಗುತ್ತಿತ್ತು?

ಗಂಡು ಮಗು ಹುಟ್ಟಿತು. ಒಂದೂವರೆ ವರ್ಷವಾದರೂ ಕಾಲೂರಲಿಲ್ಲ. ಅವನ ರಕ್ತದಲ್ಲೂ ಅದೇ ಅಕ್ಷರ, ಎರಡೂ ಕಡೆಯಿಂದ. ಒಂದೇ ಮನೆಯ ಎರಡನೆಯ ಮಗುವಿಗೂ ಅದೇ ಬದಲಾವಣೆ, ಅದೇ ರೋಗ ಬಂದರೆ ಅದು ಸಾಕ್ಷಿ ಎನ್ನುತ್ತದೆ ನಮ್ಮ ಕೆಲಸದ ನಿಯಮ. 'ಅನಿಶ್ಚಿತ'ವನ್ನು ಅಳಿಸಿ 'ಬಹುಶಃ ರೋಗಕಾರಕ' ಎಂದು ನಾನೇ ಟೈಪ್ ಮಾಡಿದೆ.

ರಿಪೋರ್ಟು ಹಿಡಿದು, ಠಾಣೆ ಸ್ಟೇಷನ್ನಿನಲ್ಲಿ ಟ್ರೇನ್ ಬದಲಿಸಿ ಅಕ್ಕನ ಮನೆಗೆ ಹೋದೆ.

"ಈಗ ಗೊತ್ತಾಯ್ತಾ?" ಎಂದಳು.

"ಗೊತ್ತಾಯ್ತು," ಎಂದೆ.

ಸಾಕ್ಷಿ ಅವಳ ಸೊಂಟದ ಮೇಲೆ ಕೂತು ನನ್ನ ಕನ್ನಡಕಕ್ಕೆ ಕೈ ಚಾಚುತ್ತಿತ್ತು.